ಮೊದಲ ಧ್ಯಾನ ಸಾಕಾದಾಗ ಮುಂದಿನದನ್ನು ಆರಿಸುವುದು ಹೇಗೆ?

ನಮ್ಮ ಶನಿವಾರದ ಗುಂಪಿನಲ್ಲಿ ಎಂಟು ಜನ. ಚಿಕ್ಕಮಗಳೂರಿನ ಬಸವನಹಳ್ಳಿ ಕಡೆ ಒಬ್ಬ ಮೇಷ್ಟ್ರ ಮನೆಯ ಮಹಡಿಯಲ್ಲಿ ಸಂಜೆ ಸೇರುತ್ತೇವೆ. ನಲವತ್ತು ನಿಮಿಷ ಸುಮ್ನೆ ಕೂರುತ್ತೇವೆ. ಆಮೇಲೆ ಕಾಫಿ. ಒಬ್ಬರು ಉಸಿರು ನೋಡುತ್ತಾರೆ, ಒಬ್ಬರು ಕಣ್ಣು ಬಿಟ್ಟುಕೊಂಡೇ ಕೂರುತ್ತಾರೆ, ಒಬ್ಬರು ಏನು ಮಾಡುತ್ತಾರೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಂಟರಲ್ಲಿ ಏಳು ಜನ ಮೊದಲು ಕಲಿತದ್ದನ್ನು ಬಿಟ್ಟು ಬೇರೆ ಹಿಡಿದವರು. ಮೊದಲಿನದ್ದನ್ನೇ ಇನ್ನೂ ಮಾಡುತ್ತಿದ್ದವರು ಕೊಪ್ಪದ ಕಡೆಯ ಒಬ್ಬ ಅಕ್ಕ ಮಾತ್ರ. ಹನ್ನೊಂದು ವರ್ಷದಿಂದ ಒಂದೇ ಮಂತ್ರ. ಹೋದ ತಿಂಗಳು ಅವರೂ ಲೋಟ ಕೆಳಗಿಟ್ಟು ಕೇಳಿದರು, "ಅಲ್ಲ ಮಾರಾಯ್ರೆ, ನಾನೂ ಬೇರೆ ಎಂತಾದ್ರೂ ಒಂದ್ಸಲ ನೋಡ್ಬೋದಾ?"

ಏಳೂ ಜನ ಒಟ್ಟಿಗೆ ಬಾಯಿ ತೆರೆದೆವು. ವಿಪಶ್ಯನಕ್ಕೆ ಹೋಗಿ. ಬೇಡ, ಕ್ರಿಯಾ ಮಾಡಿ. ಹಾರ್ಟ್‌ಫುಲ್‌ನೆಸ್ ಬೆಸ್ಟು. ಎಲ್ಲರೂ ಹೇಳಿದ್ದು ತಮಗೆ ಒಗ್ಗಿದ್ದನ್ನು. "ಯಾಕೆ ಬಿಡಬೇಕು ಅನ್ನಿಸ್ತಿದೆ ಅಕ್ಕಾ?" ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಬಂದು ಗಾಡಿ ನಿಲ್ಲಿಸುವಾಗ ಅದು ಹೊಳೆಯಿತು.

ಚಪ್ಪಲಿ ಎಲ್ಲಿ ಕಚ್ಚುತ್ತಿದೆ ಅಂತ ಗೊತ್ತಿದ್ದರೆ ಹೊಸ ಚಪ್ಪಲಿ ಆರಿಸುವುದು ಸುಲಭ. ಧ್ಯಾನವೂ ಹಾಗೇ ಅನ್ನುವುದು ನನ್ನ ಅನುಭವ. ಮೊದಲನೆಯದು ಎಲ್ಲಿ ಕೈಕೊಟ್ಟಿತು ಅಂತ ನೋಡಿದರೆ ಮುಂದಿನದು ಯಾವುದು ಅನ್ನುವುದು ಮುಕ್ಕಾಲುಪಾಲು ತಿಳಿಯುತ್ತದೆ. ನಾನು ಆಲ್ದೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಗುರುವಲ್ಲ, ವೈದ್ಯನೂ ಅಲ್ಲ. ಹದಿನಾರು ವರ್ಷದಲ್ಲಿ ಮೂರು ಸಲ ಪದ್ಧತಿ ಬದಲಿಸಿದ್ದೇನೆ. ಒಂದು ಸಲ ಸರಿಯಾದ ಕಾರಣಕ್ಕೆ, ಒಂದು ಸಲ ಬರೀ ಚಪಲಕ್ಕೆ, ಒಂದು ಸಲ ಬುದ್ಧಿ ಬಂದು.

ಮೊದಲನೆಯದನ್ನು ನಾವು ಆರಿಸಿರುವುದೇ ಇಲ್ಲ

ನಿಮ್ಮ ಮೊದಲ ಧ್ಯಾನ ನಿಮಗೆ ಹೇಗೆ ಸಿಕ್ಕಿತು, ನೆನಪು ಮಾಡಿಕೊಳ್ಳಿ. ಪಕ್ಕದ ಬೀದಿಯಲ್ಲಿ ಬ್ರಹ್ಮಕುಮಾರಿಯರ ಕೇಂದ್ರ ಇತ್ತು. ಆಫೀಸಿನಲ್ಲಿ ಯಾರೋ ಆರ್ಟ್ ಆಫ್ ಲಿವಿಂಗ್ ಶಿಬಿರಕ್ಕೆ ಹೆಸರು ಬರೆಸಿದರು. ಅಜ್ಜಿ ಜಪಸರ ಕೊಟ್ಟರು. ಫೋನಿನಲ್ಲಿ ಒಂದು ಆ್ಯಪ್ ಇತ್ತು. ಹೆಣ್ಣು ನೋಡಲು ಹೋಗುವಾಗಲಾದರೂ ನಾಲ್ಕು ಜನರನ್ನು ವಿಚಾರಿಸುತ್ತೇವೆ. ಇಲ್ಲಿ ಅದೂ ಇಲ್ಲ. ಹತ್ತಿರ ಇದ್ದದ್ದು ಮೊದಲನೆಯದಾಯಿತು, ಅಷ್ಟೆ. ಹಾಗಾಗಿ ಅದನ್ನು ಬಿಡುವುದು ದ್ರೋಹ ಏನಲ್ಲ.

ಹಿಂದಿನವರು ಇದನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರು. ಐದನೇ ಶತಮಾನದಲ್ಲಿ ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಅನ್ನುವ ಬೌದ್ಧ ಗ್ರಂಥದಲ್ಲಿ ಧ್ಯಾನಕ್ಕೆ 40 ವಿಷಯಗಳಿವೆ. ಮನುಷ್ಯರ ಸ್ವಭಾವವನ್ನು ಆರು ಬಗೆ ಮಾಡಿ, ಯಾರಿಗೆ ಯಾವುದು ಅಂತ ಅಲ್ಲಿ ಹೇಳಿದೆ. ಸಿಟ್ಟಿನವರಿಗೆ ಮೈತ್ರಿ ಭಾವನೆ. ತಲೆ ತುಂಬ ಯೋಚನೆ ಓಡುವವರಿಗೆ ಉಸಿರು. ಆಸೆ ಜಾಸ್ತಿ ಇದ್ದವರಿಗೆ ದೇಹದ ಕೊಳಕನ್ನು ನೆನೆಯುವ ಅಭ್ಯಾಸ. ಪತಂಜಲಿ ಇನ್ನೂ ಧಾರಾಳಿ. ಒಂದಷ್ಟು ದಾರಿಗಳನ್ನು ಹೇಳಿ, ಕೊನೆಗೆ ನಿನಗೆ ಯಾವುದು ಹಿಡಿಸುತ್ತದೋ ಅದನ್ನೇ ಧ್ಯಾನಿಸು ಅನ್ನುವ ಅರ್ಥದಲ್ಲಿ ಒಂದು ಸೂತ್ರವನ್ನೂ ಇಟ್ಟಿದ್ದಾನೆ. ಈಗಿನ ಸಂಸ್ಥೆಗಳ ಪಾಡು ಬೇರೆ. ಒಂದೇ ಪದ್ಧತಿಯನ್ನು ನೂರಾರು ಜನಕ್ಕೆ ಒಟ್ಟಿಗೆ ಕಲಿಸಬೇಕು. ಒಬ್ಬೊಬ್ಬರ ಸ್ವಭಾವ ನೋಡುತ್ತಾ ಕೂತರೆ ಆಗುವ ಮಾತಲ್ಲ. ಆ ಕೆಲಸ ನಮ್ಮ ತಲೆಗೇ ಬಂದಿದೆ.

ಮಂತ್ರ ಒಣಗಿದರೆ

ನನ್ನ ಕಥೆಯೇ ಇದು. ಫೆಬ್ರವರಿಯ ಒಂದು ಮಧ್ಯಾಹ್ನ. ಕಣದಲ್ಲಿ ಒಣಗಿದ ರೋಬಸ್ಟಾ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು ತುಂಬಿ ತೂಕ ಹಾಕುತ್ತಿದ್ದೆವು. ಚೀಲಕ್ಕೆ 50 ಕೆಜಿ. ಆಳುಗಳು ಹೊಲಿದ ಚೀಲ ಎತ್ತಿ ಇಡುತ್ತಾರೆ, ನಾನು ಪುಸ್ತಕದಲ್ಲಿ ಗೀಟು ಹಾಕುತ್ತೇನೆ. ಅರವತ್ತನಾಲ್ಕನೇ ಚೀಲಕ್ಕೆ ಲೆಕ್ಕ ಮುಗಿಯಿತು. ಸರಿಯಾಗಿಯೇ ಇತ್ತು. ಆಗ ಗಮನಿಸಿದೆ, ಅಷ್ಟು ಹೊತ್ತೂ ಒಳಗೆ ಜಪ ನಡೆಯುತ್ತಲೇ ಇದೆ. ಲೆಕ್ಕವೂ ನಡೆದಿದೆ. ಇವೆರಡರ ನಡುವೆ ನಾನು ಭಾವನ ಸಾಲದ ಬಗ್ಗೆ ಯೋಚಿಸುತ್ತಾ ಕೂತಿದ್ದೇನೆ! ಜಪ ತಾನಾಗಿಯೇ ನಡೆಯುವುದು ದೊಡ್ಡ ಸ್ಥಿತಿ ಅಂತ ಹಿರಿಯರು ಹೇಳುತ್ತಾರೆ. ನನ್ನದು ಆ ಸ್ಥಿತಿ ಅಲ್ಲ. ಖಾಲಿ ರೂಮಿನಲ್ಲಿ ಫ್ಯಾನು ತಿರುಗಿದ ಹಾಗೆ ತಿರುಗುತ್ತಿತ್ತು.

ಇಂಥ ಒಣಗುವಿಕೆಗೆ ಎರಡು ದಾರಿ. ಒಂದು, ಮಂತ್ರವನ್ನೇ ಉಳಿಸಿಕೊಂಡು ಹಿಡಿಯುವ ರೀತಿ ಬದಲಿಸುವುದು. ನಮ್ಮ ಪರಂಪರೆಯಲ್ಲೇ ಮೂರು ಮೆಟ್ಟಿಲಿದೆ. ಗಟ್ಟಿಯಾಗಿ ಹೇಳುವ ವಾಚಿಕ, ತುಟಿ ಮಾತ್ರ ಅಲ್ಲಾಡುವ ಉಪಾಂಶು, ಮನಸ್ಸಿನಲ್ಲೇ ನಡೆಯುವ ಮಾನಸಿಕ. ತುಂಬ ಜನ ಮಾನಸಿಕಕ್ಕೆ ಬೇಗ ಹಾರಿ ಅಲ್ಲಿ ತೂಕಡಿಸುತ್ತಾರೆ. ಒಂದು ತಿಂಗಳು ಮತ್ತೆ ತುಟಿಗೆ ಇಳಿಸಿ ನೋಡಿ, ಜೀವ ಬಂದರೂ ಬರಬಹುದು. ಮಹರ್ಷಿ ಮಹೇಶ ಯೋಗಿ ಹರಡಿದ ಭಾವಾತೀತ ಧ್ಯಾನದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಎಣಿಕೆ ಇಲ್ಲ, ಮಣಿಸರ ಇಲ್ಲ, ಏಕಾಗ್ರತೆಗೆ ಒದ್ದಾಡುವುದೂ ಇಲ್ಲ. ಮಂತ್ರವನ್ನು ಹಗುರವಾಗಿ ಹಿಡಿದು, ಅದು ಮಸುಕಾದರೆ ಆಗಲಿ ಅಂತ ಬಿಡುವುದು. ದಿನಕ್ಕೆ ಎರಡು ಸಲ, ಇಪ್ಪತ್ತಿಪ್ಪತ್ತು ನಿಮಿಷ. ಶಿಕ್ಷಕರಿಂದಲೇ ಕಲಿಯಬೇಕು, ಶುಲ್ಕ ಇದೆ. ಜಪದಲ್ಲಿ ಹಲ್ಲು ಕಚ್ಚಿ ಕೂತು ಸುಸ್ತಾದವರಿಗೆ ಈ ಸಡಿಲ ಹಿಡಿತ ಹೊಂದುತ್ತದೆ. ನನ್ನ ಹಾಗೆ ಸಡಿಲವಾಗಿ ಸಡಿಲವಾಗಿ ಎಲ್ಲವೂ ಕಳಚಿಹೋದವರಿಗೆ ಹೊಂದುವುದಿಲ್ಲ.

ಎರಡನೆಯ ದಾರಿ, ಮಾತನ್ನೇ ಬಿಟ್ಟು ಮೈಗೆ ಇಳಿಯುವುದು. ನಾನು ಹೋದದ್ದು ಇಲ್ಲಿಗೆ. ಸತ್ಯನಾರಾಯಣ ಗೋಯೆಂಕಾ ಬರ್ಮಾದಲ್ಲಿ ಹುಟ್ಟಿದ ವ್ಯಾಪಾರಿ. ಬಿಡದ ಅರೆತಲೆನೋವಿಗೆ ಪರಿಹಾರ ಹುಡುಕುತ್ತಾ ಅಲ್ಲಿನ ಧ್ಯಾನಗುರು ಸಯಾಜಿ ಉ ಬಾ ಖಿನ್ ಹತ್ತಿರ ಹೋಗಿ ವಿಪಶ್ಯನ ಕಲಿತವರು. 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದರು. ಶಿಬಿರ ಹತ್ತು ದಿನ. ಮೊದಲ ಮೂರು ದಿನ ಮೂಗಿನ ಹೊಳ್ಳೆಯ ಹತ್ತಿರ ಉಸಿರು ಮಾತ್ರ. ನಾಲ್ಕನೇ ದಿನದಿಂದ ನೆತ್ತಿಯಿಂದ ಪಾದದವರೆಗೆ ಗಮನ ಹರಿಸಿ, ಎಲ್ಲಿ ಏನು ಅನ್ನಿಸುತ್ತದೋ ಅದನ್ನು ನೋಡುವುದು. ಉರಿ, ಜುಮು ಜುಮು, ನೋವು, ಏನೇ ಇರಲಿ, ಬೇಕು ಅನ್ನಬಾರದು, ಬೇಡ ಅನ್ನಬಾರದು. ಮಂತ್ರ ಇಲ್ಲ, ಮೂರ್ತಿ ಇಲ್ಲ, ಮಾತೂ ಇಲ್ಲ. ನನ್ನಂಥ ಲೆಕ್ಕದ ತಲೆಯವನಿಗೆ ಇದು ಬೇಕಿತ್ತು. ಮೊಣಕಾಲಿನ ನೋವನ್ನು ಮಾತ್ರ ಭಾವನ ಸಾಲದ ಜೊತೆ ಒಟ್ಟಿಗೆ ನಡೆಸಲು ಆಗುವುದಿಲ್ಲ.

ಆದರೆ ಹುಷಾರು. ಇದೇ ಶಿಬಿರ ಕೆಲವರಿಗೆ ಒಂದು ಚೂರೂ ಹಿಡಿಸುವುದಿಲ್ಲ.

ಒಣ ಅನ್ನಿಸಿದರೆ

ಮೇಷ್ಟ್ರ ಹೆಂಡತಿ ಅಂಥವರು. ವಿಪಶ್ಯನದಿಂದ ಬಂದು ಒಂದು ವರ್ಷ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತಪ್ಪದೆ ಕೂತರು. ಆಮೇಲೆ ಒಂದು ದಿನ, "ಕೈ ನೋಡಿದೆ, ಕಾಲು ನೋಡಿದೆ, ಹೊಟ್ಟೆ ನೋಡಿದೆ. ದೇವರನ್ನ ಎಲ್ಲೂ ನೋಡ್ಲಿಲ್ಲ" ಅಂದರು. ಅವರು ದಡ್ಡರಲ್ಲ, ಸೋಮಾರಿಯೂ ಅಲ್ಲ. ಶೃಂಗೇರಿಯ ಶಾರದೆ ಎದುರು ನಿಂತರೆ ಕಣ್ಣಲ್ಲಿ ನೀರು ಬರುವ ಹೆಂಗಸು. ಆ ಮನಸ್ಸಿಗೆ ಸಂವೇದನೆಯ ಪಟ್ಟಿ ಹಿಡಿದು ಕೂರು ಅಂದರೆ ಹೇಗೆ?

ಇವರಿಗೆ ಎದುರಿದ್ದ ಆಯ್ಕೆಗಳಲ್ಲಿ ಒಂದು ಹಾರ್ಟ್‌ಫುಲ್‌ನೆಸ್. ಅದರ ಬೇರು 1945ರಲ್ಲಿ ಷಹಜಹಾನ್‌ಪುರದ ರಾಮಚಂದ್ರರು ಶುರು ಮಾಡಿದ ಸಂಸ್ಥೆ. ಹೃದಯದಲ್ಲಿ ಬೆಳಕಿದೆ ಅನ್ನುವ ಭಾವನೆ ಇಟ್ಟು ಕೂರುವುದು. ಸಂಜೆ ಹೊತ್ತು ದಿನದ ಭಾರವನ್ನು ಹೊರಗೆ ಹಾಕುವ ಶುದ್ಧೀಕರಣ. ಎದುರು ಕೂತ ತರಬೇತಿದಾರರ ಮೂಲಕ ಪ್ರಾಣಾಹುತಿ, ಅಂದರೆ ಒಂದು ಬಗೆಯ ಪ್ರಾಣಶಕ್ತಿ, ಹರಿಯುತ್ತದೆ ಅನ್ನುವ ನಂಬಿಕೆ ಈ ಪದ್ಧತಿಯ ನಡುಗಂಬ. ಬ್ರಹ್ಮಕುಮಾರಿಯರ ರಾಜಯೋಗ ಇನ್ನೊಂದು. ಕಣ್ಣು ತೆರೆದೇ ಕೂತು, ತಾನು ದೇಹ ಅಲ್ಲ, ಆತ್ಮ ಅಂತ ನೆನೆದು ಪರಮಾತ್ಮನ ಜೊತೆ ಸಂಬಂಧ ಕಟ್ಟಿಕೊಳ್ಳುವುದು. ಏಳು ದಿನದ ಪರಿಚಯ ಪಾಠ, ದುಡ್ಡಿಲ್ಲ. ಎರಡಕ್ಕೂ ಮನಸ್ಸಿನ ಒಪ್ಪಿಗೆ ಬೇಕು. ಪ್ರಾಣಾಹುತಿ ಅಂದರೆ ನಗು ಬರುವವರು, ಪರಮಾತ್ಮ ಒಂದು ಬೆಳಕಿನ ಬಿಂದು ಅಂದರೆ ಹುಬ್ಬು ಏರಿಸುವವರು ಅಲ್ಲಿಗೆ ಹೋಗಿ ಕಷ್ಟಪಡುವುದು ಬೇಡ. ನಂಬಿಕೆಯ ಭಾರ ಬೇಡ, ಆದರೆ ಎದೆ ಒದ್ದೆಯಾಗಬೇಕು ಅನ್ನುವವರಿಗೆ ಮೈತ್ರಿ ಭಾವನೆ ಇದೆ. ಮೊದಲು ತನಗೆ, ಆಮೇಲೆ ಬೇಕಾದವರಿಗೆ, ಪರಿಚಯ ಇಲ್ಲದವರಿಗೆ, ಕೊನೆಗೆ ಬೇಡದವರಿಗೂ ಒಳ್ಳೆಯದಾಗಲಿ ಅಂತ ಬಯಸುತ್ತಾ ಹೋಗುವುದು. ಕೇಳಲು ಮಕ್ಕಳಾಟ. ಬೇಲಿ ಜಗಳದ ಪಕ್ಕದ ತೋಟದವರನ್ನು ನೆನೆದು ಮಾಡಿ ನೋಡಿ, ಗೊತ್ತಾಗುತ್ತೆ.

ಅವರು ಯಾವುದಕ್ಕೆ ಹೋದರು ಅಂತೀರಾ? ಯಾವುದಕ್ಕೂ ಇಲ್ಲ. ಮೊದಲು ಬಿಟ್ಟಿದ್ದ ಲಲಿತಾ ಸಹಸ್ರನಾಮಕ್ಕೇ ಮರಳಿದರು. ಮುಗಿದ ಮೇಲೆ ಹತ್ತು ನಿಮಿಷ ಸುಮ್ನೆ ಕೂರುತ್ತಾರೆ. ಆ ಹತ್ತು ನಿಮಿಷ ವಿಪಶ್ಯನ ಕೊಟ್ಟದ್ದು ಅಂತ ಅವರೇ ಹೇಳುತ್ತಾರೆ.

ಉಸಿರು ನೋಡಿದರೆ ಉಸಿರು ಕಟ್ಟುತ್ತದೆ ಅನ್ನುವವರು

ಇವರ ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಉಸಿರಿನ ಮೇಲೆ ಗಮನ ಇಟ್ಟ ಕೂಡಲೇ ಅದು ಸಹಜವಾಗಿ ನಡೆಯುವುದು ನಿಲ್ಲುತ್ತದೆ. ಎಳೆಯಬೇಕು, ಬಿಡಬೇಕು, ಸಾಕಾಗಲಿಲ್ಲ ಅನ್ನುವ ಒದ್ದಾಟ. ಉಬ್ಬಸ ಇದ್ದವರಿಗೆ, ಗಾಬರಿ ಸ್ವಭಾವದವರಿಗೆ ಇದು ಇನ್ನೂ ಕಷ್ಟ. "ಅಭ್ಯಾಸ ಆದರೆ ಸರಿಹೋಗುತ್ತೆ" ಅನ್ನುತ್ತಾರೆ. ಕೆಲವರಿಗೆ ಹೋಗುತ್ತೆ. ಎರಡು ತಿಂಗಳಾದರೂ ಹೋಗದಿದ್ದರೆ ಹಟ ಬೇಡ.

ಬರ್ಮಾದ ಮಹಾಸಿ ಸಯಾಡೊ ಅವರ ಕ್ರಮದಲ್ಲಿ ಮೂಗಿನ ಬದಲು ಹೊಟ್ಟೆ. ಏರುತ್ತಿದೆ, ಇಳಿಯುತ್ತಿದೆ ಅಂತ ಮನಸ್ಸಿನಲ್ಲೇ ಗುರುತು ಹಾಕುವುದು. ಸದ್ದು ಕೇಳಿದರೆ "ಕೇಳಿಸಿತು", ಯೋಚನೆ ಬಂದರೆ "ಯೋಚನೆ". ಒಂದು ಗಂಟೆ ಕೂತರೆ ಒಂದು ಗಂಟೆ ನಡಿಗೆ. ಗಮನ ಒಂದೇ ಕಡೆ ಕಟ್ಟಿಹಾಕಿಕೊಳ್ಳದ ಕಾರಣ ಕತ್ತು ಹಿಸುಕಿದ ಹಾಗೆ ಆಗುವುದಿಲ್ಲ. ಅದಕ್ಕೂ ಸರಳವಾದದ್ದು, ಬರೀ ಸದ್ದು ಕೇಳುತ್ತಾ ಕೂರುವುದು. ಇದನ್ನು ಕಲಿಯಲು ಮಲೆನಾಡಿನವರು ಎಲ್ಲಿಗೂ ಹೋಗಬೇಕಿಲ್ಲ. ಜುಲೈನಲ್ಲಿ ಹಂಚಿನ ಮೇಲೆ ಮಳೆ ಬೀಳುವಾಗ ಜಗಲಿಯಲ್ಲಿ ಅರ್ಧ ಗಂಟೆ ಕೂತರೆ ಸಾಕು. ಜೋರಾಗುವುದು, ಸಣ್ಣಗಾಗುವುದು, ಸೂರಿನಿಂದ ತೊಟ್ಟಿಕ್ಕುವುದು. ಅದನ್ನು ಹತೋಟಿಗೆ ತರಬೇಕು ಅಂತ ಯಾವ ಮನಸ್ಸಿಗೂ ಅನ್ನಿಸುವುದಿಲ್ಲ.

ಮೊಣಕಾಲು, ನಿದ್ದೆ

ಇವೆರಡಕ್ಕೆ ಪದ್ಧತಿಯನ್ನೇ ಬದಲಿಸಿದವರನ್ನು ನೋಡಿ ನನಗೆ ನಗು ಬಂದಿದೆ. ಕುರ್ಚಿ ಬದಲಿಸಿದ್ದರೆ ಸಾಕಿತ್ತು. ನೆಲದ ಮೇಲೆ ಕೂರಲು ಆಗದವರಿಗೆ ವಿಪಶ್ಯನ ಕೇಂದ್ರದಲ್ಲೂ ಕುರ್ಚಿ ಕೊಡುತ್ತಾರೆ. ಕೂರುವುದೇ ಬೇಡ ಅನ್ನುವವರು ಹಾಸನ ಜಿಲ್ಲೆಯಲ್ಲೇ ಒಬ್ಬರನ್ನು ನೋಡಬಹುದು. ಶ್ರವಣಬೆಳಗೊಳದ 58 ಅಡಿಯ ಬಾಹುಬಲಿ ನಿಂತಿರುವುದು ಕಾಯೋತ್ಸರ್ಗದಲ್ಲಿ, ಅಂದರೆ ಮೈಯ ಮೇಲಿನ ಮಮತೆ ಬಿಟ್ಟು ನಿಲ್ಲುವ ಜೈನ ಧ್ಯಾನದಲ್ಲಿ. ಆಚಾರ್ಯ ಮಹಾಪ್ರಜ್ಞ 1975ರಲ್ಲಿ ರೂಪ ಕೊಟ್ಟ ಪ್ರೇಕ್ಷಾ ಧ್ಯಾನದಲ್ಲೂ ಕಾಯೋತ್ಸರ್ಗಕ್ಕೆ ಮೊದಲ ಜಾಗ. ನಿಂತೂ ಮಾಡಬಹುದು, ಮಲಗಿಯೂ ಮಾಡಬಹುದು. ಜೈನ ಗೃಹಸ್ಥರು ಸಮಭಾವದಲ್ಲಿ ಇರುವ ಅಭ್ಯಾಸವಾದ ಸಾಮಾಯಿಕ 48 ನಿಮಿಷ. ಮನೆಯವರಿಗೆ ಇಷ್ಟು ಸಾಕು ಅಂತ ಯಾರೋ ಲೆಕ್ಕ ಹಾಕಿ ಇಟ್ಟ ಹಾಗಿದೆ.

ನಿದ್ದೆಗೆ ನಮ್ಮ ಜಿಲ್ಲೆಯ ಹತ್ತಿರ ಹಳೆಯ ಮದ್ದು ಇದೆ. ಯೆಮನ್‌ನ ಸೂಫಿಗಳು ರಾತ್ರಿಯ ಪ್ರಾರ್ಥನೆಯಲ್ಲಿ ತೂಕಡಿಸದಿರಲು ಕಾಫಿ ಕುಡಿಯುತ್ತಿದ್ದರು. ಅಲ್ಲಿಂದಲೇ ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಧ್ಯಾನಕ್ಕೆ ಮೊದಲು ಕಾಫಿ ಕುಡಿಯಬಾರದು ಅಂತ ಯಾರಾದರೂ ಗದರಿದರೆ ಇದನ್ನು ಹೇಳಿ.

ಉಸಿರಾಟದ ಕ್ರಿಯೆಯೋ, ಸುಮ್ಮನೆ ಕೂರುವುದೋ

ಗುಂಪಿನಲ್ಲಿ ಜಾಸ್ತಿ ವಾದ ನಡೆಯುವುದು ಇದರ ಮೇಲೆ. ರವಿಶಂಕರ ಗುರೂಜಿಯವರ ಸುದರ್ಶನ ಕ್ರಿಯೆ 1982ರಲ್ಲಿ ಶಿವಮೊಗ್ಗದಲ್ಲಿ, ಭದ್ರೆಯ ದಡದಲ್ಲಿ ಹತ್ತು ದಿನ ಮೌನ ಇದ್ದಾಗ ಹೊಳೆದದ್ದು ಅಂತ ಅವರ ಸಂಸ್ಥೆ ಹೇಳುತ್ತದೆ. ಭದ್ರೆ ಹುಟ್ಟುವುದು ನಮ್ಮ ಗಂಗಾಮೂಲದಲ್ಲಿ, ಹಾಗಾಗಿ ಸ್ವಲ್ಪ ಜಂಬ ನಮಗೂ ಇರಲಿ. ನಿಧಾನ, ಮಧ್ಯಮ, ವೇಗ ಹೀಗೆ ಲಯ ಬದಲಿಸುತ್ತಾ ಉಸಿರಾಡುವುದು. ಮುಗಿಸಿ ಮಲಗಿದರೆ ಮನಸ್ಸು ತಾನೇ ತಣ್ಣಗಾಗುತ್ತದೆ. ಈಶಾದ ಶಾಂಭವಿ ಮಹಾಮುದ್ರೆಯಲ್ಲೂ ಉಸಿರಿನ ಕೆಲಸ ಇದೆ, 21 ನಿಮಿಷ. ಎರಡಕ್ಕೂ ಶಿಬಿರ, ಶುಲ್ಕ.

ಕೂತಲ್ಲಿ ಕೂರಲಾರದವರಿಗೆ, ದಿನವಿಡೀ ಗಾಡಿ ಓಡಿಸಿ ಮೈ ಗಂಟಾದವರಿಗೆ ಇದೇ ಸರಿ. ಮೊದಲು ಮೈ ಕೆಲಸ ಮಾಡಿದರೆ ಮನಸ್ಸು ಹಿಂದೆ ಬರುತ್ತದೆ. ಗುಂಪಿನಲ್ಲಿ ಒಬ್ಬ ಟ್ಯಾಕ್ಸಿ ಹುಡುಗ ಇದ್ದಾನೆ. ಎರಡು ವರ್ಷ ಉಸಿರು ನೋಡಿ ನೋಡಿ ಸೋತಿದ್ದ. ಕ್ರಿಯೆಗೆ ಹೋಗಿ ಬಂದ ಮೇಲೆ ಮುಖದ ಬಣ್ಣವೇ ಬೇರೆಯಾಯಿತು. ಅದೇ ಕ್ರಿಯೆ ಬಿಟ್ಟು ಸುಮ್ಮನೆ ಕೂರುವುದಕ್ಕೆ ಬಂದವರೂ ಇದ್ದಾರೆ. ಅವರ ಮಾತು ಹೀಗೆ: "ಮಾಡಿದಾಗ ಹಾಯಾಗಿರುತ್ತೆ. ಮಧ್ಯಾಹ್ನ ಮೇಲಧಿಕಾರಿ ಬೈದರೆ ಮತ್ತೆ ಅದೇ ನಾನು." ಬೈಸಿಕೊಳ್ಳುವ ಆ ಕ್ಷಣದಲ್ಲಿ ತನ್ನೊಳಗೆ ಏನಾಗುತ್ತಿದೆ ಅಂತ ನೋಡುವ ಅಭ್ಯಾಸ ಬೇಕು ಅನ್ನುವವರಿಗೆ ವಿಪಶ್ಯನವೋ, ಮಹಾಸಿ ಕ್ರಮವೋ, ರಮಣ ಮಹರ್ಷಿಗಳ "ನಾನು ಯಾರು" ವಿಚಾರವೋ ಹತ್ತಿರ. ರಮಣರ ದಾರಿಗೆ ಶಿಬಿರ, ಫೀಸು, ಮಂಡಿ ನೋವು ಯಾವುದೂ ಇಲ್ಲ. ಆದರೂ ಎಲ್ಲಕ್ಕಿಂತ ಕಷ್ಟ. ಹಿಡಿದುಕೊಳ್ಳಲು ಏನೂ ಕೊಡುವುದಿಲ್ಲ ಅದು. ಬೇರೆ ಏನನ್ನಾದರೂ ನಾಲ್ಕೈದು ವರ್ಷ ಮಾಡಿದ ಮೇಲೆ ಮುಟ್ಟುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ.

ಜಗಳ ಪದ್ಧತಿಯ ಜೊತೆಯೋ, ಸಂಸ್ಥೆಯ ಜೊತೆಯೋ

ನಾನು ಚಪಲಕ್ಕೆ ಬದಲಿಸಿದೆ ಅಂದೆನಲ್ಲ, ಅದು ಒಂದು ವಾರಾಂತ್ಯದ ಶಿಬಿರ. ಹೆಸರು ಬೇಡ. ಕಲಿಸಿದ್ದು ಚೆನ್ನಾಗಿಯೇ ಇತ್ತು. ಆದರೆ ಭಾನುವಾರ ಸಂಜೆ ಕಣ್ಣು ಮುಚ್ಚಿ ಎಲ್ಲರೂ ಮೆತ್ತಗಾಗಿರುವಾಗಲೇ ಮುಂದಿನ ಹಂತದ ಫಾರಂ ಕೈಗೆ ಬಂತು. ಈಗಲೇ ತುಂಬಿದರೆ ರಿಯಾಯಿತಿ. ಆಮೇಲೆ ಒಂದು ತಿಂಗಳು ಫೋನು. ನನಗೆ ಸಿಟ್ಟು ಬಂದು ಅಭ್ಯಾಸವನ್ನೂ ಬಿಟ್ಟೆ. ಅದು ನನ್ನ ದಡ್ಡತನ. ಸಿಟ್ಟು ಫಾರಂ ಮೇಲೆ, ಬಿಟ್ಟದ್ದು ಉಸಿರಾಟ.

ನಿಮಗೂ ಹೀಗಾಗಿದ್ದರೆ ಪದ್ಧತಿ ಬದಲಿಸುವ ಮೊದಲು ಅದನ್ನು ಮನೆಯಲ್ಲೇ, ಯಾರ ಹಂಗೂ ಇಲ್ಲದೆ ಮುಂದುವರಿಸಬಹುದಾ ನೋಡಿ. ನಂಬಿಕೆ, ಗುರು, ಸಂಸ್ಥೆ ಯಾವುದೂ ಬೇಡ ಅನ್ನುವವರಿಗೆ ಜಾನ್ ಕಬಾಟ್ ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಎಂಟು ವಾರದ ಕ್ರಮ ಇದೆ. ಬೌದ್ಧ ಅಭ್ಯಾಸಗಳನ್ನು ಧರ್ಮದ ಮಾತಿಲ್ಲದೆ ರೋಗಿಗಳಿಗೆ ಕಲಿಸಲು ಮಾಡಿದ್ದು. ಮಲಗಿ ಮೈಯೆಲ್ಲ ಗಮನಿಸುವುದು, ಉಸಿರು, ಸ್ವಲ್ಪ ಯೋಗಾಸನ.

ಬದಲಿಸಲೇಬಾರದ ಎರಡು ಹೊತ್ತು

ಒಂದು, ಹೆದರಿಕೆ ಹುಟ್ಟಿದಾಗ. ಉದ್ದದ ಶಿಬಿರದ ನಂತರ ವಾರಗಟ್ಟಲೆ ನಿದ್ದೆ ಇಲ್ಲ, ಎದೆ ಹೊಡೆದುಕೊಳ್ಳುತ್ತದೆ, ಸುತ್ತಲಿನದು ನಿಜವೇ ಅಲ್ಲ ಅನ್ನಿಸುತ್ತದೆ ಅಂದರೆ ಅದು "ಶುದ್ಧೀಕರಣ" ಅಂತ ಸುಮ್ಮನಾಗಬೇಡಿ. 2017ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಪಾಶ್ಚಾತ್ಯ ಬೌದ್ಧ ಧ್ಯಾನಿಗಳನ್ನು ಮಾತಾಡಿಸಿ ಇಂಥ ಕಷ್ಟಗಳನ್ನು ದಾಖಲಿಸಿದ್ದಾರೆ. ಆಗ ಬೇಕಾದದ್ದು ಇನ್ನೊಂದು ಧ್ಯಾನ ಅಲ್ಲ. ಎಲ್ಲವನ್ನೂ ನಿಲ್ಲಿಸಿ. ಹೊಟ್ಟೆ ತುಂಬ ಊಟ ಮಾಡಿ, ತೋಟದಲ್ಲಿ ಕೆಲಸ ಮಾಡಿ, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಎರಡು, ಮೊದಲ ರುಚಿಯ ಬೆನ್ನು ಹತ್ತಿದಾಗ. ಮೊದಲ ಶಿಬಿರದಲ್ಲಿ ಏನೋ ಒಂದು ಆಗುತ್ತದೆ. ಮೈ ಹಗುರ, ಕಣ್ಣಲ್ಲಿ ನೀರು, ಬೆಳಕು. ಮನೆಗೆ ಬಂದರೆ ಅದು ಇಲ್ಲ. ಇನ್ನೊಂದು ಶಿಬಿರಕ್ಕೆ ಹೋದರೆ ಹೊಸತನಕ್ಕೆ ಮತ್ತೆ ಸ್ವಲ್ಪ ಬರುತ್ತದೆ. ಆಮೇಲೆ ಇನ್ನೊಂದು. ನಾನು ಆ ವಾರಾಂತ್ಯದ ಶಿಬಿರಕ್ಕೆ ಹೋದದ್ದು ಇದಕ್ಕೇ. ಮತ್ತೆ ವಿಪಶ್ಯನಕ್ಕೆ ಮರಳಿದಾಗ ರುಚಿ ಏನೂ ಇರಲಿಲ್ಲ, ಮೊಣಕಾಲು ಹಾಗೇ ಇತ್ತು. ಶ್ವೇತಾಂಬರ ಜೈನರ ಕಥೆಯಲ್ಲಿ ಬಾಹುಬಲಿ ಒಂದು ವರ್ಷ ನಿಂತರೂ ಜ್ಞಾನ ಬರುವುದಿಲ್ಲ. ಬಳ್ಳಿ ಹಬ್ಬಿದೆ, ಹುತ್ತ ಬೆಳೆದಿದೆ. ಆಗ ತಂಗಿಯರಾದ ಬ್ರಾಹ್ಮಿ, ಸುಂದರಿ ಬಂದು ಹೇಳುವುದು ಒಂದೇ ಮಾತು: ಅಣ್ಣಾ, ಆನೆಯಿಂದ ಇಳಿ. ತನಗಿಂತ ಮೊದಲೇ ದೀಕ್ಷೆ ಪಡೆದ ತಮ್ಮಂದಿರಿಗೆ ತಲೆಬಾಗಬೇಕಲ್ಲ ಅನ್ನುವ ಬಿಗುಮಾನದ ಆನೆ ಅದು. ನಿಲ್ಲುವ ಬದಲು ಕೂತುಕೋ ಅಂತ ಅವರು ಹೇಳಲಿಲ್ಲ.

ಹೋಗುವುದೇ ಅಂತಾದರೆ

ಮೊದಲು ಕ್ಯಾಲೆಂಡರ್ ನೋಡಿ. ವಿಪಶ್ಯನಕ್ಕೆ ಹೋಗುವ ದಿನ, ಬರುವ ದಿನ ಸೇರಿಸಿ ಹನ್ನೆರಡು ದಿನದ ರಜೆ ಬೇಕು. ಬೆಳಗ್ಗೆ ನಾಲ್ಕಕ್ಕೆ ಗಂಟೆ, ಒಂಬತ್ತು ದಿನ ಮೌನ, ಫೋನ್ ಇಲ್ಲ. ಶುಲ್ಕ ಇಲ್ಲ, ಮುಗಿಸಿದವರು ಮಾತ್ರ ದಾನ ಕೊಡಬಹುದು. ತೋಟದವರಾದರೆ ನವೆಂಬರಿನಿಂದ ಕೊಯ್ಲು ಮುಗಿಯುವವರೆಗೆ ಆ ಮಾತೇ ಬೇಡ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಅಥವಾ ಮಳೆಗಾಲದ ನಡುವೆ ಬಿಡುವು ಸಿಗುತ್ತದೆ. ವಿಪಶ್ಯನದ ಧಮ್ಮ ಪಫುಲ್ಲ ಕೇಂದ್ರ ಇರುವುದು ಆಲೂರಿನಲ್ಲಿ. ಹಾಸನದ ಆಲೂರು ಅಂದುಕೊಂಡು ಬಸ್ ಹತ್ತಬೇಡಿ. ಇದು ಬೆಂಗಳೂರಿನ ತುಮಕೂರು ರಸ್ತೆಯ ಕಡೆಯ ಆಲೂರು. ಹಾರ್ಟ್‌ಫುಲ್‌ನೆಸ್‌ಗೆ ಇಷ್ಟೆಲ್ಲ ಇಲ್ಲ. ತರಬೇತಿದಾರರ ಜೊತೆ ಮೊದಲ ಮೂರು ಸಿಟ್ಟಿಂಗ್ ಆದರೆ ಮನೆಯಲ್ಲೇ ಮಾಡಬಹುದು. ಅದಕ್ಕೂ ದುಡ್ಡಿಲ್ಲ.

ಬೆರಕೆ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಪಶ್ಯನದವರು ಶಿಬಿರದಲ್ಲಿ ಬೇರೆ ಜಪ, ಪೂಜೆ, ಕ್ರಿಯೆ ಎಲ್ಲ ಬದಿಗಿಡಿ ಅನ್ನುತ್ತಾರೆ. ಅದರಲ್ಲಿ ಅರ್ಥ ಇದೆ. ಎರಡು ಔಷಧಿ ಒಟ್ಟಿಗೆ ತಗೊಂಡರೆ ಯಾವುದು ಹಿಡಿಯಿತು ಅಂತ ತಿಳಿಯುವುದಿಲ್ಲ. ನಾನು ಹೇಳುವುದು, ಹೊಸದಕ್ಕೆ ಒಂದು ಮಂಡಲ ಪೂರ್ತಿ ಕೊಡಿ. 48 ದಿನ, ಅದೊಂದೇ. ಒಂದು ಚಿಕ್ಕ ಪುಸ್ತಕದಲ್ಲಿ ದಿನಕ್ಕೆ ಒಂದು ಸಾಲು ಬರೆಯಿರಿ. ಎಷ್ಟು ಹೊತ್ತು ಕೂತೆ, ಆ ದಿನ ಮನೆಯಲ್ಲಿ ಯಾರ ಮೇಲೆ ರೇಗಿದೆ. ಕೂತಾಗ ಏನು ಕಂಡಿತು ಅಂತ ಬರೆಯಬೇಡಿ, ಅದು ಸುಳ್ಳು ಹೇಳಿಸುತ್ತದೆ. ರೇಗಿದ ಲೆಕ್ಕ ಸುಳ್ಳು ಹೇಳುವುದಿಲ್ಲ, ಬೇಕಾದರೆ ಹೆಂಡತಿಯನ್ನು ಕೇಳಿ ತಾಳೆ ನೋಡಬಹುದು.

ಹಳೆಯದೆಲ್ಲ ದಂಡ ಆಯಿತಲ್ಲ ಅಂತ ಕೊರಗುವವರಿಗೆ ತೋಟದ ಒಂದು ವಿಷಯ. ಮುದಿ ರೋಬಸ್ಟಾ ಗಿಡವನ್ನು ಕಿತ್ತು ಹಾಕುವ ಬದಲು ಮೇಲೆ ಕಡಿದು, ಆ ಬುಡದಿಂದ ಬಂದ ಚಿಗುರಿಗೆ ಸಿ ಇಂಟು ಆರ್ ಅನ್ನುವ ಕಾಫಿ ತಳಿಯ ಕಸಿ ಕಟ್ಟುತ್ತಾರೆ. ಮೇಲಿನದು ಹೊಸ ತಳಿ, ಕೆಳಗೆ ಹಳೆಯ ಬೇರೇ. ಹೊಸ ಸಸಿಗಿಂತ ಬೇಗ ಫಸಲು ಬರುತ್ತದೆ. ಮೂರು ವರ್ಷ ಜಪ ಮಾಡಿದವನು ವಿಪಶ್ಯನಕ್ಕೆ ಹೋದರೆ ಕೂರುವುದನ್ನು ಹೊಸದಾಗಿ ಕಲಿಯಬೇಕಿಲ್ಲ.

ಹೋದ ಶನಿವಾರ ಕೊಪ್ಪದ ಅಕ್ಕನನ್ನು ಕೊನೆಗೂ ಕೇಳಿದೆ, ಯಾಕೆ ಬದಲಿಸಬೇಕು ಅನ್ನಿಸಿತು ಅಂತ. ಸ್ವಲ್ಪ ಹೊತ್ತು ಯೋಚಿಸಿದರು.

"ಮಂತ್ರದ ಮೇಲೆ ಎಂತ ಬೇಜಾರೂ ಇಲ್ಲ. ಬೆಳಿಗ್ಗೆ ಐದಕ್ಕೆ ಕೂತ್ರೆ ನಿದ್ದೆ ಬರ್ತದೆ. ಆರು ತಿಂಗಳಾಯ್ತು."

"ಆರು ತಿಂಗಳಿಂದ ಏನು ಬದಲಾಗಿದೆ?"

"ಮೊಮ್ಮಗು ಬಂದಿದೆಯಲ್ಲ. ರಾತ್ರಿ ಎರಡು ಸಲ ಎದ್ದು ತೂಗ್ಬೇಕು."

ಮೇಷ್ಟ್ರು ನಕ್ಕುಬಿಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ಕೂರಲು ಹೇಳಿದ್ದೇವೆ. ಮಗು ಆ ಹೊತ್ತಿಗೆ ಮಲಗುತ್ತದಂತೆ.